ಮುಷ್ಕರದ ನೋಟೀಸೂ ಒಂದು ಕಾಗದವೇ

ಅಂಚೆಯವನ ವಿಷಯವಾಗಿ ಪಾಠಪುಸ್ತಕಗಳಲ್ಲಿ ಬರೆದವರೆಲ್ಲ ಅವನನ್ನು ಬಹಳ ಪ್ರೀತಿಯಿಂದ ಕಂಡಿದ್ದಾರೆ. ಬಿಸಿಲೆನ್ನದೆ ಮಳೆಯೆನ್ನದೆ ಅವನು ನಡೆಯುತ್ತಾನೆ. ಒಂದು ಮನೆಗೆ ಮದುವೆಯ ಕರೆಯೋಲೆಯನ್ನೂ ಪಕ್ಕದ ಮನೆಗೆ ಸಾವಿನ ಸುದ್ದಿಯನ್ನೂ ಒಂದೇ ಚೀಲದಿಂದ ತೆಗೆದುಕೊಡುತ್ತಾನೆ. ಇಷ್ಟೆಲ್ಲ ಹೇಳುವ ಪಾಠಗಳು ಅವನ ಸಂಬಳವೆಷ್ಟೆಂಬುದನ್ನು ಮಾತ್ರ ಹೇಳುವುದಿಲ್ಲ. ಆ ಸಂಬಳ ಹೇಗೆ ನಿಶ್ಚಯವಾಗುತ್ತದೆ, ಯಾರೊಡನೆ ಯಾರು ಕುಳಿತು ಮಾತನಾಡುತ್ತಾರೆ, ಮಾತು ಮುರಿದಾಗ ಏನಾಗುತ್ತದೆ ಎಂಬ ಸಂಗತಿ ವಿದ್ಯಾರ್ಥಿಗಳ ಕಿವಿಗೆ ಬೀಳುವುದು ಅಪರೂಪ. ಈ ವರ್ಷದ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕರು ಹಳೆಯ ವಿದ್ಯಾರ್ಥಿಗಳಾದ ನಮ್ಮನ್ನು ಕೇಳಿದಾಗ, ನಮಗೆ ಚೆನ್ನಾಗಿ ತಿಳಿದಿರುವ ಈ ವಿಷಯವನ್ನೇ ಬರೆಯುವುದು ಯುಕ್ತವೆಂದು ತೋರಿತು.

ನಾವು ಈ ಶಾಲೆಯ ಬೆಂಚುಗಳ ಮೇಲೆ ಕುಳಿತು ಕನ್ನಡದಲ್ಲಿ ಓದಿ, ಮುಂಬಯಿಯ ಬೀದಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅಂಚೆಯ ಚೀಲ ಹೊತ್ತವರು. ಬೋರಿಬಂದರಿನ ಬಳಿಯಿರುವ ಪ್ರಧಾನ ಅಂಚೆ ಕಛೇರಿಯನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಜಾನ್ ಬೆಗ್ ಎಂಬ ಶಿಲ್ಪಿ ರೂಪಿಸಿದ, 1913ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಳಗುಮ್ಮಟವೇ ಮಾದರಿ. ಆದರೆ ಈ ನಗರದ ಕನ್ನಡಿಗರಿಗೂ ಅಂಚೆಗೂ ಇದ್ದ ನಂಟು ಕಲ್ಲುಗಾರೆಯದಷ್ಟೇ ಅಲ್ಲ. ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿದವರು ತಿಂಗಳ ಮೊದಲ ವಾರದಲ್ಲಿ ಊರಿಗೆ ಕಳಿಸುತ್ತಿದ್ದ ಮನಿಯಾರ್ಡರಿನಿಂದ ಉಡುಪಿ, ಕುಂದಾಪುರ, ವಿಜಾಪುರಗಳ ಕಡೆಯ ಎಷ್ಟೋ ಮನೆಗಳ ಒಲೆ ಉರಿದಿದೆ. ಹೀಗಿರುವಾಗ ಅಂಚೆಯವನು ಕೆಲಸ ನಿಲ್ಲಿಸಿದರೆ ಮೊದಲ ಪೆಟ್ಟು ಬೀಳುವುದು ಮಂತ್ರಿಗಳಿಗಲ್ಲ, ಅವನಂತೆಯೇ ದುಡಿದುಣ್ಣುವ ಜನರಿಗೆ. ಮುಷ್ಕರದ ವಿಷಯದಲ್ಲಿ ನಾವು ಬರೆಯುವುದೆಲ್ಲವೂ ಈ ಸಂಗತಿಯನ್ನು ಎದುರಿಗಿಟ್ಟುಕೊಂಡೇ ಬರೆದುದು.

ಗಿರಣಿಯಲ್ಲಾದರೆ ಮಾಲೀಕನೂ ಸಂಘದವರೂ ಒಂದು ಮೇಜಿನ ಎರಡು ಬದಿಗಳಲ್ಲಿ ಕುಳಿತು, ಇಷ್ಟು ವರ್ಷಗಳಿಗೆ ಇಷ್ಟು ಕೂಲಿಯೆಂದು ಒಡಂಬಡಿಕೆಯನ್ನು ಬರೆದು ಸಹಿ ಹಾಕಬಹುದು. ಅಮೆರಿಕದ ಅಂಚೆ ನೌಕರರಿಗೆ 1970ರ ಮಾರ್ಚಿನ ಮುಷ್ಕರದ ತರುವಾಯ ಇಂಥ ಒಡಂಬಡಿಕೆಯ ಹಕ್ಕು ದೊರೆಯಿತು. ಮುಷ್ಕರದ ಹಕ್ಕು ದೊರೆಯಲಿಲ್ಲ. ಅಲ್ಲಿ ಮಾತು ಮುರಿದರೆ ಮಧ್ಯಸ್ಥರ ತೀರ್ಪೇ ಕೊನೆಯದು. ನಮ್ಮ ದೇಶದ ಪದ್ಧತಿ ಬೇರೆ. ಸುಮಾರು ಹತ್ತು ವರ್ಷಗಳಿಗೊಮ್ಮೆ ಕೇಂದ್ರ ಸರಕಾರವು ವೇತನ ಆಯೋಗವೊಂದನ್ನು ನೇಮಿಸುತ್ತದೆ. ಸಂಘಗಳು ಅದರ ಮುಂದೆ ಮನವಿಯನ್ನು ಸಲ್ಲಿಸಿ ಸಾಕ್ಷ್ಯ ನುಡಿಯುತ್ತವೆ; ಆಯೋಗವು ಶಿಫಾರಸು ಮಾಡುತ್ತದೆ; ಕೊನೆಗೆ ಸರಕಾರವು ತೀರ್ಮಾನಿಸುತ್ತದೆ. ಶಿಫಾರಸಿಗೂ ತೀರ್ಮಾನಕ್ಕೂ ನಡುವೆ ಉಳಿಯುವ ಕಿರಿದಾದ ಸಂದಿಯಲ್ಲಿಯೇ ನಮ್ಮ ಮಾತುಕತೆಯೆಲ್ಲ ನಡೆಯಬೇಕು.

ಮುಷ್ಕರವೆಂದರೆ ಒಂದು ಬೆಳಗ್ಗೆ ಸಿಟ್ಟಿನಿಂದ ಚೀಲವನ್ನು ಕೆಳಗಿಟ್ಟು ಹೊರಟುಬಿಡುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲು ಬೇಡಿಕೆಗಳ ಪಟ್ಟಿ ಹೋಗುತ್ತದೆ. ಉತ್ತರ ಬಾರದಿದ್ದರೆ ಎದೆಗೆ ಪಟ್ಟಿ ಧರಿಸಿ ಕೆಲಸ ಮಾಡುತ್ತೇವೆ, ಊಟದ ಬಿಡುವಿನಲ್ಲಿ ಕಛೇರಿಯ ಬಾಗಿಲ ಮುಂದೆ ಸಭೆ ಸೇರುತ್ತೇವೆ, ಆಮೇಲೆ ಧರಣಿ. ಇಷ್ಟಾದ ಮೇಲೆ ನೋಟೀಸು. ಅಂಚೆಯು ಲೋಕೋಪಯೋಗಿ ಸೇವೆಯೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಹೆಸರಿಸಿತ್ತು. ಅಂಥ ಸೇವೆಯಲ್ಲಿ ನೋಟೀಸು ಕೊಟ್ಟು ಹದಿನಾಲ್ಕು ದಿನ ಕಳೆಯುವ ತನಕ ಮುಷ್ಕರ ಹೂಡಲಾಗದೆಂದು ವಿಧಿಸಿತ್ತು. 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಹೊಸ ಸಂಹಿತೆ ಬಂದಿತು. ಹದಿನಾಲ್ಕು ದಿನಗಳ ನಿಯಮ ಅದರಲ್ಲಿಯೂ ಇದೆ. ಈ ಹದಿನಾಲ್ಕು ದಿನಗಳನ್ನು ಬೆದರಿಕೆಯ ಗಡುವೆಂದು ಪತ್ರಿಕೆಗಳು ಬರೆಯುವುದುಂಟು. ಕಾಗದ ಹಂಚಿದ ನಮಗೆ ಅದು ಬೇರೆಯಾಗಿ ಕಾಣುತ್ತದೆ. ನೋಟೀಸೂ ಒಂದು ಕಾಗದವೇ. ಅದಕ್ಕೆ ವಿಳಾಸವುಂಟು, ತೇದಿಯುಂಟು, ಉತ್ತರ ಬರಲೆಂಬ ನಿರೀಕ್ಷೆಯುಂಟು.

ಉತ್ತರ ಬಂದಾಗ ಏನಾಯಿತು, ಬಾರದಿದ್ದಾಗ ಏನಾಯಿತು ಎಂಬುದನ್ನು ನಮ್ಮ ಹಿರಿಯರ ಕಾಲದಿಂದಲೇ ನೋಡಬಹುದು. 1946ರ ಜುಲೈ 11ರಂದು ಅಂಚೆ ಹಂಚುವವರೂ ಕೆಳದರ್ಜೆಯ ನೌಕರರೂ ಮುಷ್ಕರ ಹೂಡಿದರು. ಅವರಿಗೆ ಬೆಂಬಲವಾಗಿ ಜುಲೈ 29ರಂದು ಕಲಕತ್ತೆಯಲ್ಲಿ ಸಾರ್ವತ್ರಿಕ ಹರತಾಳ ನಡೆಯಿತು. ಸ್ವಾತಂತ್ರ್ಯ ಬಂದ ಹತ್ತು ವರ್ಷಕ್ಕೆ, 1957ರಲ್ಲಿ, ಅಂಚೆ ಮತ್ತು ತಂತಿ ನೌಕರರು ಮತ್ತೆ ನೋಟೀಸು ಕೊಟ್ಟರು. ಆ ಆಗಸ್ಟಿನಲ್ಲಿಯೇ ಎರಡನೆಯ ವೇತನ ಆಯೋಗ ನೇಮಕವಾಯಿತು. ಮುಷ್ಕರ ನಡೆಯಲಿಲ್ಲ, ಒಂದು ದಿನದ ಅಂಚೆಯೂ ನಿಲ್ಲಲಿಲ್ಲ. ಆಗ ಕಾಗದಕ್ಕೆ ಉತ್ತರ ಬಂದಿತ್ತು.

ಅದೇ 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೆಯ ಅಧಿವೇಶನವು ಕನಿಷ್ಠ ವೇತನಕ್ಕೆ ಒಂದು ಅಳತೆಗೋಲನ್ನು ಒಪ್ಪಿಕೊಂಡಿತು. ದುಡಿಯುವವನ ಕುಟುಂಬವನ್ನು ಮೂರು ಉಣ್ಣುವ ಘಟಕಗಳೆಂದು ಎಣಿಸಬೇಕು. ಪೌಷ್ಟಿಕ ಆಹಾರ, ತಲೆಗೆ ವರ್ಷಕ್ಕೆ 18 ಗಜ ಬಟ್ಟೆ, ಮನೆಬಾಡಿಗೆ, ಇವಲ್ಲದೆ ಉರುವಲು ದೀಪ ಮೊದಲಾದುವಕ್ಕೆ ಒಟ್ಟಿನ ಐದನೆಯ ಒಂದು ಪಾಲು ಸೇರಿಸಬೇಕು. ಸರಕಾರದ ಪ್ರತಿನಿಧಿಗಳೂ ಕುಳಿತು ಒಪ್ಪಿದ ಲೆಕ್ಕವಿದು. ಆದರೆ ಎರಡನೆಯ ವೇತನ ಆಯೋಗವು 1959ರಲ್ಲಿ ವರದಿಯನ್ನೊಪ್ಪಿಸಿದಾಗ ಆ ಅಳತೆಯನ್ನು ಬದಿಗಿಟ್ಟು, ಕನಿಷ್ಠ ವೇತನವನ್ನು ತುಟ್ಟಿಭತ್ಯೆ ಸೇರಿ 80 ರೂಪಾಯಿಗೆ ನಿಲ್ಲಿಸಿತು. ಮಾತುಕತೆ ಮುರಿಯಿತು. 1960ರ ಜುಲೈ 11ರ ನಡುರಾತ್ರಿಯಿಂದ ಕೇಂದ್ರ ಸರಕಾರದ ನೌಕರರು ಐದು ದಿನ ಮುಷ್ಕರ ನಡೆಸಿದರು. ಅದಕ್ಕೆ ಮುಂಚೆಯೇ ಸುಗ್ರೀವಾಜ್ಞೆಯು ಅದನ್ನು ಕಾನೂನುಬಾಹಿರವಾಗಿಸಿತ್ತು. ಬಂಧನವಾದವು, ಕೆಲಸದಿಂದ ತೆಗೆದರು, ಸಂಘಗಳ ಮಾನ್ಯತೆಯನ್ನು ಹಿಂತೆಗೆದುಕೊಂಡರು.

ಆ ಕಹಿಯ ನಂತರ 1966ರ ಅಕ್ಟೋಬರಿನಲ್ಲಿ ಜಂಟಿ ಸಮಾಲೋಚನಾ ಮಂಡಲಿಗಳ ಏರ್ಪಾಡು ಬಂದಿತು. ಬ್ರಿಟನ್ನಿನ ವ್ಹಿಟ್ಲಿ ಮಂಡಲಿಗಳನ್ನು ನೋಡಿ ರಚಿಸಿದ ಏರ್ಪಾಡದು. ಇಡೀ ದೇಶಕ್ಕೊಂದು, ಇಲಾಖೆಗೊಂದು, ಕೆಳಗಿನ ಕಛೇರಿಗಳ ಮಟ್ಟದಲ್ಲೊಂದು ಎಂದು ಮೂರು ಹಂತ. ಸರಕಾರದ ಪಕ್ಷವೂ ನೌಕರರ ಪಕ್ಷವೂ ಎದುರುಬದುರು ಕೂರಬೇಕು; ವೇತನ ಮತ್ತು ಭತ್ಯೆ, ವಾರದ ಕೆಲಸದ ಗಂಟೆ, ರಜೆ ಈ ಮೂರರಲ್ಲಿ ಒಮ್ಮತ ಬಾರದಿದ್ದರೆ ಮಧ್ಯಸ್ಥರ ಮುಂದೆ ಹೋಗಬಹುದು. ಅಂತೂ ಒಂದು ಮೇಜು ದೊರೆಯಿತು. ಆದರೆ ಎರಡೇ ವರ್ಷಕ್ಕೆ ಅದರ ಕಾಲು ಅಲುಗಿತು. 1957ರ ಅಳತೆಯ ಕನಿಷ್ಠ ವೇತನವನ್ನು ಮಧ್ಯಸ್ಥರಿಗೆ ಒಪ್ಪಿಸಿರೆಂದು ನೌಕರರು ಕೇಳಿದರು, ಸರಕಾರ ಒಪ್ಪಲಿಲ್ಲ. 1968ರ ಸೆಪ್ಟೆಂಬರ್ 19ರಂದು ಒಂದು ದಿನದ ಮುಷ್ಕರ ನಡೆಯಿತು. ಆ ಒಂದು ದಿನಕ್ಕಾಗಿ ಎಷ್ಟೋ ಜನ ಕೆಲಸ ಕಳೆದುಕೊಂಡರು, ಕೆಲವರು ಪ್ರಾಣವನ್ನೂ ಕಳೆದುಕೊಂಡರು.

ಮೇಜು ಗಟ್ಟಿಯಾಗಿ ನಿಂತ ಸಂದರ್ಭಗಳನ್ನೂ ಹೇಳಬೇಕು, ಇಲ್ಲವಾದರೆ ನ್ಯಾಯವಾಗದು. ಮೂರನೆಯ ವೇತನ ಆಯೋಗವು 1973ರಲ್ಲಿ 185 ರೂಪಾಯಿಯ ಕನಿಷ್ಠ ವೇತನವನ್ನು ಶಿಫಾರಸು ಮಾಡಿತು. ಮಾತುಕತೆಯ ಬಳಿಕ ಸರಕಾರ ಅದನ್ನು 196ಕ್ಕೆ ಏರಿಸಿತು. ಐದನೆಯ ಆಯೋಗ ಹೇಳಿದ 2,440 ರೂಪಾಯಿ, 1997ರ ಮಾತುಕತೆಯಲ್ಲಿ 2,550 ಆಯಿತು. ಹನ್ನೊಂದು ರೂಪಾಯಿ, ನೂರಹತ್ತು ರೂಪಾಯಿ ಎಂದರೆ ಓದುಗರಿಗೆ ನಗು ಬರಬಹುದು. ತಿಂಗಳ ಕೊನೆಯ ವಾರವನ್ನು ಅಂಥ ಸಂಬಳದಲ್ಲಿ ಕಳೆದವರಿಗೆ ನಗು ಬಾರದು.

ಇನ್ನು ನಾವೇ ಕಂಡ ಮುಷ್ಕರದ ಮಾತು. 2000ನೆಯ ಇಸವಿಯ ಡಿಸೆಂಬರಿನಲ್ಲಿ ಅಂಚೆ ನೌಕರರು ಕೆಲಸ ನಿಲ್ಲಿಸಿದರು. ಮುಖ್ಯ ಬೇಡಿಕೆ ನಮಗಾಗಿ ಇರಲಿಲ್ಲ. ಹಳ್ಳಿಯ ಶಾಖಾ ಅಂಚೆ ಕಛೇರಿಗಳಲ್ಲಿ ದಿನಕ್ಕೆ ಕೆಲವು ಗಂಟೆ ದುಡಿಯುವ, ಇಲಾಖೆಯವರೆಂದು ಪೂರ್ಣವಾಗಿ ಎಣಿಕೆಗೆ ಬಾರದ ಸೇವಕರನ್ನು ಖಾಯಂ ಮಾಡಬೇಕೆಂಬುದೇ ಅದು. ಮುಂಬಯಿಯಿಂದ ನಾವು ಕಳಿಸಿದ ಮನಿಯಾರ್ಡರನ್ನು ಕಾಲುದಾರಿಯಲ್ಲಿ ನಡೆದು ನಮ್ಮ ತಾಯಂದಿರ ಕೈಗಿತ್ತವರು ಅವರೇ. ಅವರಿಗಾಗಿ ಸಂಬಳ ಬಿಡುವುದರಲ್ಲಿ ನಮ್ಮಲ್ಲಿ ಎರಡು ಮಾತಿರಲಿಲ್ಲ. ದುಡಿಯದ ದಿನಕ್ಕೆ ವೇತನವಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಮನೆಗಳಲ್ಲಿ ಹಾಲು ಅರ್ಧವಾಯಿತು, ಶಾಲೆಯ ಶುಲ್ಕಕ್ಕೆ ಗಡುವು ಕೇಳಬೇಕಾಯಿತು.

ಮುಷ್ಕರ ಮುಗಿದ ದಿನ ಕಛೇರಿಯಲ್ಲಿ ಚೀಲಗಳು ಎದೆಮಟ್ಟಕ್ಕೆ ಬಿದ್ದಿದ್ದವು. ವಿಂಗಡಿಸಿ, ಬೀಟಿನ ಕ್ರಮಕ್ಕೆ ಜೋಡಿಸಿ ಹೊರಟೆವು. ಒಂದು ಚಾಳಿನಲ್ಲಿ ಒಬ್ಬ ಹುಡುಗನಿಗೆ ಕೆಲಸದ ಸಂದರ್ಶನದ ಕರೆಪತ್ರವಿತ್ತು. ಸಂದರ್ಶನದ ದಿನ ಕಳೆದುಹೋಗಿತ್ತು. ಅವನು ನಮ್ಮನ್ನು ಬೈಯಲಿಲ್ಲ. ತೇದಿಯನ್ನು ಎರಡು ಸಲ ಓದಿ, ಸಹಿ ಎಲ್ಲಿ ಹಾಕಬೇಕೆಂದು ಕೇಳಿದ. ಅದೇ ಬೀದಿಯ ಹೋಟೆಲಿನಲ್ಲಿ ತಟ್ಟೆಯೆತ್ತುವ, ಕುಂದಾಪುರದ ಕಡೆಯವರೊಬ್ಬರು ಮಾತ್ರ ನಿಂತು ಮಾತನಾಡಿಸಿದರು. “ನೀವು ಕೆಲಸ ಬಿಟ್ಟರೆ ದೊಡ್ಡವರು ನಿಮ್ಮನ್ನು ಮಾತಿಗೆ ಕರೆಯುತ್ತಾರೆ. ನಾವು ಬಿಟ್ಟರೆ ಸಂಜೆಗೆ ಬೇರೆಯವನು ಬರುತ್ತಾನೆ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಘದ ಸಭೆಗಳಲ್ಲಿ ಕೇಳಿದ ಎಷ್ಟೋ ಭಾಷಣಗಳು ಮರೆತುಹೋಗಿವೆ. ಈ ಮಾತು ಮರೆತಿಲ್ಲ. ಮಾತಿಗೆ ಕರೆಯುವವರಿರುವುದೇ ಒಂದು ಭಾಗ್ಯ. ಆ ಭಾಗ್ಯವನ್ನು ಇಲ್ಲದವರ ಪರವಾಗಿ ಬಳಸಬೇಕು. ಬಳಸುವಾಗ ಆ ಹುಡುಗನ ಕರೆಪತ್ರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವನ ನಷ್ಟವನ್ನು ಯಾವ ಒಪ್ಪಂದವೂ ತುಂಬಿಕೊಡದು.

ಆ ಮುಷ್ಕರದಿಂದ ಹಳ್ಳಿಯ ಸೇವಕರು ಖಾಯಂ ಆಗಲಿಲ್ಲ. ಗ್ರಾಮೀಣ ಡಾಕ್ ಸೇವಕರೆಂಬ ಹೊಸ ಹೆಸರು ಬಂದಿತು, ಕೆಲಸ ಹಳೆಯದೇ. ಅವರ ಸ್ಥಿತಿಯನ್ನು ವಿಚಾರಿಸಿದ ಕಮಲೇಶ್ ಚಂದ್ರ ಸಮಿತಿಯು 2016ರ ನವೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. ಒಂದೂವರೆ ವರ್ಷ ಅದು ಜಾರಿಗೆ ಬಾರದೆ ಉಳಿಯಿತು. 2018ರ ಮೇ 22ರಂದು ಅವರು ಮುಷ್ಕರ ಹೂಡಿದರು. ಜೂನ್ 6ರಂದು ಮಂತ್ರಿಮಂಡಲವು ಹೊಸ ಭತ್ಯೆಗೆ ಒಪ್ಪಿಗೆಯಿತ್ತಿತು. ದಿನಕ್ಕೆ ನಾಲ್ಕು ಗಂಟೆ ದುಡಿಯುವ ಶಾಖಾ ಪೋಸ್ಟ್ ಮಾಸ್ಟರರಿಗೆ ತಿಂಗಳಿಗೆ 12,000 ರೂಪಾಯಿ, ಅವರ ಸಹಾಯಕರಿಗೆ 10,000 ಎಂದು ಗೊತ್ತಾಯಿತು. ಒಂದೂವರೆ ವರ್ಷದ ಮೌನ ಹದಿನಾರು ದಿನಗಳಲ್ಲಿ ಮುರಿಯಬಹುದಾಗಿದ್ದರೆ, ಮುಷ್ಕರಕ್ಕೆ ಮುಂಚೆಯೇ ಏಕೆ ಮುರಿಯಬಾರದಾಗಿತ್ತು? ಆ ಹದಿನಾರು ದಿನ ಪಿಂಚಣಿಗಾಗಿ ಶಾಖಾ ಕಛೇರಿಯ ಜಗಲಿಗೆ ಬಂದು ಹಿಂತಿರುಗಿದ ಮುದುಕರಿಗೆ ಈ ಪ್ರಶ್ನೆಗೆ ಉತ್ತರ ಸಲ್ಲಬೇಕಾಗಿದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಉಂಟು. ಏಳನೆಯ ವೇತನ ಆಯೋಗವು ಕನಿಷ್ಠ ವೇತನವನ್ನು 18,000 ರೂಪಾಯಿಯೆಂದಾಗ, ನೌಕರರ ಜಂಟಿ ಸಮಿತಿಯು 26,000 ಬೇಕೆಂದು ಕೇಳಿ 2016ರ ಜುಲೈ 11ರಿಂದ ಮುಷ್ಕರವೆಂದು ಸಾರಿತು. ತೇದಿಯನ್ನು ನೋಡಿರಿ, ಹಿರಿಯರ 1946ನ್ನೂ 1960ನ್ನೂ ನೆನೆದೇ ಆರಿಸಿದ ದಿನವಿರಬೇಕು. ಹಿರಿಯ ಮಂತ್ರಿಗಳು ಕರೆದು ಮಾತನಾಡಿದರು, ಪರಿಶೀಲಿಸುವ ಭರವಸೆ ಇತ್ತರು, ಮುಷ್ಕರವನ್ನು ಮುಂದೂಡಲಾಯಿತು. ಕನಿಷ್ಠ ವೇತನ 18,000ದಲ್ಲಿಯೇ ಉಳಿಯಿತು. ಅಂದು ಜನರಿಗೆ ತೊಂದರೆಯಾಗಲಿಲ್ಲವೆಂದು ಸಂತೋಷಪಟ್ಟವರಲ್ಲಿ ನಾವೂ ಸೇರಿದ್ದೇವೆ. ಆದರೆ ಕೊಟ್ಟ ಮಾತು ವಿಳಾಸಕ್ಕೆ ಮುಟ್ಟದಿದ್ದರೆ ಮುಂದಿನ ಸಲ ಮಾತನ್ನು ನಂಬುವವರು ಯಾರು? ಮುಷ್ಕರವನ್ನು ಹಿಂತೆಗೆದುಕೊಳ್ಳಿರೆಂದು ಹೇಳುವ ಸಂಘದ ಹಿರಿಯನು ಸದಸ್ಯರಿಗೆ ಯಾವ ಮುಖ ತೋರಿಸಬೇಕು?

ಸರಕಾರಿ ನೌಕರರಿಗೆ ಮುಷ್ಕರವು ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ, ತಮಿಳುನಾಡಿನ ನೌಕರರ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ನಡತೆಯ ನಿಯಮಗಳೂ ಅದನ್ನು ನಿಷೇಧಿಸುತ್ತವೆ. ಕಾನೂನನ್ನು ನಾವು ಅಲ್ಲಗಳೆಯುತ್ತಿಲ್ಲ. ಮುಷ್ಕರದ ಬಾಗಿಲು ಇಷ್ಟು ಕಿರಿದಾದಾಗ ಮಾತಿನ ಬಾಗಿಲು ಅಷ್ಟೇ ಅಗಲವಾಗಬೇಕು ಎಂಬುದಿಷ್ಟೇ ನಮ್ಮ ನಿವೇದನೆ. ಸಭೆಗೆ ಗೊತ್ತಾದ ದಿನ ಸಭೆ ನಡೆಯಬೇಕು. ಒಪ್ಪಿದ ಮಾತು ಬರಹಕ್ಕಿಳಿಯಬೇಕು. ಒಪ್ಪಲಾಗದ್ದನ್ನು ಕಾರಣಸಹಿತ ತಿಳಿಸಬೇಕು. ಸಂಘಗಳೂ ಕೈಗೂಡುವ ಬೇಡಿಕೆ ಯಾವುದು, ಘೋಷಣೆಗಷ್ಟೇ ಸಲ್ಲುವುದು ಯಾವುದು ಎಂಬುದನ್ನು ಸದಸ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಎಂಟನೆಯ ವೇತನ ಆಯೋಗವು 2025ರಲ್ಲಿ ರಚನೆಯಾಗಿದೆ. ಮನವಿ, ಸಾಕ್ಷ್ಯ, ವರದಿ, ಮಾತುಕತೆ ಎಂಬ ಚಕ್ರ ಇನ್ನೊಮ್ಮೆ ತಿರುಗಬೇಕು. ಈ ಶಾಲೆಯ ಮಕ್ಕಳಲ್ಲಿ ಕೆಲವರು ಮುಂದೆ ಮೇಜಿನ ಈ ಬದಿಯಲ್ಲಿ ಕೂರುವವರು, ಕೆಲವರು ಆ ಬದಿಯಲ್ಲಿ. ಇನ್ನು ಬಹಳ ಮಂದಿ ಎರಡೂ ಬದಿಯಲ್ಲಿರದೆ ಬಾಗಿಲಲ್ಲಿ ಕಾಗದಕ್ಕಾಗಿ ಕಾಯುವವರು. ಅಂಚೆ ನೌಕರರು ಮುಷ್ಕರದ ಬೆದರಿಕೆ ಹಾಕಿದರೆಂಬ ಸುದ್ದಿಯನ್ನು ಓದಿದಾಗ ಯಾರ ಪಕ್ಷವನ್ನಾದರೂ ಹಿಡಿಯಿರಿ, ಅಡ್ಡಿಯಿಲ್ಲ. ಅದಕ್ಕೆ ಮುಂಚೆ ಎರಡು ವಿಷಯವನ್ನು ವಿಚಾರಿಸಿರಿ: ನೋಟೀಸು ಕೊಟ್ಟುದು ಎಂದು? ಅದಕ್ಕೆ ಉತ್ತರ ಬಂದಿತೆ?