ಯಾರ ಎದುರು ಹೊಡೆದ ರನ್ನು?

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ನಾನು ಒಮ್ಮೆ ಒಬ್ಬ ಹುಡುಗನ ಎದುರಿನಲ್ಲೇ ಅವನ ಅಪ್ಪನಿಗೆ ಹೇಳಿಬಿಟ್ಟೆ. ಹೇಳಿ ಹದಿನೈದು ವರ್ಷಗಳ ಮೇಲಾಯಿತು. ಗಾದೆಯೇನೂ ಸುಳ್ಳಲ್ಲ. ಆದರೆ ಅದನ್ನು ಅಲ್ಲಿ, ಆ ಹೊತ್ತಿನಲ್ಲಿ ಹೇಳಬಾರದಿತ್ತು ಎಂಬುದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ನಾನು ವಿಜ್ಞಾನದ ಮೇಷ್ಟ್ರು. ಆ ವರ್ಷ ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು ವರ್ಗವಾಗಿ ಹೋದದ್ದರಿಂದ ಕ್ರಿಕೆಟ್ ತಂಡದ ಹೊಣೆ ನನ್ನ ಹೆಗಲಿಗೆ ಬಿತ್ತು. ಕೊಡಿಯಾಲ್‌ಬೈಲ್‌ನ ನಮ್ಮ ಮನೆಯಿಂದ ನೆಹರೂ ಮೈದಾನಕ್ಕೆ ನಡೆದೇ ಹೋಗಬಹುದು. ದಸರೆ ಕಳೆದು ಮಳೆ ಬಿಟ್ಟ ಮೇಲೆ ಅಲ್ಲಿ ಆಟ ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇತ್ತು. ಹಾಗಾಗಿ ಸಂತೋಷದಿಂದಲೇ ಒಪ್ಪಿಕೊಂಡೆ.

ತಂಡದಲ್ಲಿ ಇಬ್ಬರು ಒಳ್ಳೆಯ ಬ್ಯಾಟ್ಸ್‌ಮನ್‌ಗಳಿದ್ದರು. ಒಬ್ಬ ಸುತ್ತಮುತ್ತಲಿನ ಸಣ್ಣ ಶಾಲೆಗಳ ಪಂದ್ಯಾವಳಿಯಲ್ಲಿ ಐದು ಪಂದ್ಯಗಳಲ್ಲಿ ಎರಡು ಶತಕ ಹೊಡೆದಿದ್ದ. ಇನ್ನೊಬ್ಬ ಆದಿತ್ಯವಾರಗಳಲ್ಲಿ ತನಗಿಂತ ಎಷ್ಟೋ ದೊಡ್ಡವರ ಜೊತೆ, ಲೆದರ್ ಬಾಲಿನಲ್ಲಿ ಕ್ಲಬ್ ಪಂದ್ಯ ಆಡುತ್ತಿದ್ದ. ಅವನ ರನ್ನುಗಳು ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತೊಂದು, ಹೀಗೆ. ಆಯ್ಕೆ ಶಿಬಿರವೊಂದಕ್ಕೆ ನಮ್ಮಿಂದ ಒಬ್ಬನ ಹೆಸರು ಕಳಿಸಬೇಕಿತ್ತು. ಹೇಳಿಕೇಳಿ ವಿಜ್ಞಾನದ ಮೇಷ್ಟ್ರು ನಾನು. ಸ್ಕೋರ್‌ಬುಕ್ಕನ್ನು ಮುಂದಿಟ್ಟುಕೊಂಡು ಇಬ್ಬರ ಸರಾಸರಿಯನ್ನೂ ದಶಮಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕ ಹಾಕಿ, ಶತಕದ ಹುಡುಗನ ಹೆಸರು ಕಳಿಸಿದೆ. ಶಿಬಿರದಲ್ಲಿ ಅವನು ವೇಗದ ಚೆಂಡಿನ ಎದುರು ನಿಲ್ಲಲಾರದೆ ಹೋದ. ಆಯ್ಕೆಯಾಗಲಿಲ್ಲ.

ಮರುದಿನ ಅವನ ಅಪ್ಪ ಶಾಲೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಪತ್ರಿಕೆಗಳಿಂದ ಕತ್ತರಿಸಿ ಇಟ್ಟ ತುಣುಕುಗಳು.

“ಎಂತ ಮಾಷ್ಟ್ರೇ ಇದು? ಇಷ್ಟು ರನ್ ಹೊಡೆದವನಿಗೆ ಅಲ್ಲಿ ಜಾಗ ಇಲ್ಲ ಅಂದ್ರೆ? ಇದರಲ್ಲಿ ಏನೋ ರಾಜಕೀಯ ಉಂಟು.”

ನನಗೂ ಒಳಗೊಳಗೆ ಮುಖಭಂಗವಾಗಿತ್ತು. ಆ ಸಿಟ್ಟಿನಲ್ಲಿ ಹೇಳಿದೆ: “ರಾಜಕೀಯ ಎಂತದ್ದೂ ಇಲ್ಲ. ಅವನು ಹೊಡೆದದ್ದು ಯಾರ ಎದುರು ಅಂತ ನೋಡಬೇಡವಾ? ಹಾಳೂರಿಗೆ ಉಳಿದವನೇ ಗೌಡ. ಆ ರನ್ನುಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯಬಾರದು.”

ಹುಡುಗ ಜಗಲಿಯ ಕಂಬದ ಪಕ್ಕದಲ್ಲಿ ಚೀಲ ಹೆಗಲಿಗೇರಿಸಿ ನಿಂತಿದ್ದ. ಅನಂತರ ಅವನು ಅಭ್ಯಾಸಕ್ಕೆ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತಲ್ಲ, ಹಾಗಾಗಿ ಇರಬೇಕು ಎಂದುಕೊಂಡು ನಾನೂ ಸುಮ್ಮನಾದೆ.

ಎದುರಾಳಿಯ ಬಲ ನೋಡದೆ ಆಟಗಾರನನ್ನು ಅಳೆಯಬಾರದು ಎಂಬ ಮಾತು ಹೊಸದಲ್ಲ. 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಬಿ.ಬಿ. ನಿಂಬಾಳ್ಕರ್ ಅವರು ಕಾಠಿಯಾವಾಡ ತಂಡದ ಎದುರು ಔಟಾಗದೆ 443 ರನ್ ಹೊಡೆದರು. ಆಗ ಬ್ರಾಡ್ಮನ್ನರ 452 ವಿಶ್ವದಾಖಲೆ. ಇನ್ನು ಹತ್ತು ರನ್ ಹೊಡೆದಿದ್ದರೆ ಅದು ಮುರಿಯುತ್ತಿತ್ತು. ಅಷ್ಟರಲ್ಲಿ ಎದುರಾಳಿ ನಾಯಕರು ಪಂದ್ಯವನ್ನೇ ಬಿಟ್ಟುಕೊಟ್ಟು ತಂಡವನ್ನು ಕರೆದುಕೊಂಡು ಹೊರಟುಹೋದರು! ಅಂಥ ಆಟ ಆಡಿದ ನಿಂಬಾಳ್ಕರ್ ಅವರಿಗೆ ಒಂದೇ ಒಂದು ಟೆಸ್ಟ್ ಆಡುವ ಅವಕಾಶವೂ ಸಿಗಲಿಲ್ಲ. 443 ಎಂಬ ಸಂಖ್ಯೆ ದೊಡ್ಡದೇ. ಆದರೆ ಅದು ಕಾಠಿಯಾವಾಡದ ಬೌಲಿಂಗಿನ ಎದುರು ಬಂದದ್ದು ಎಂಬ ಮಾತು ಅದರ ಬೆನ್ನಿಗೇ ಅಂಟಿಕೊಂಡಿತು.

ರಣಜಿ ಟ್ರೋಫಿಯನ್ನು 2001-02ರವರೆಗೂ ವಲಯಗಳ ಲೆಕ್ಕದಲ್ಲಿ ಆಡಿಸುತ್ತಿದ್ದರು. ನಮ್ಮ ಕರ್ನಾಟಕಕ್ಕೆ ದಕ್ಷಿಣ ವಲಯದಲ್ಲಿ ತಮಿಳುನಾಡು, ಹೈದರಾಬಾದಿನಂಥ ಗಟ್ಟಿ ತಂಡಗಳೂ ಎದುರಾಗುತ್ತಿದ್ದವು, ಆ ಕಾಲಕ್ಕೆ ಅಷ್ಟೇನೂ ಬಲವಿಲ್ಲದ ಆಂಧ್ರ, ಕೇರಳ, ಗೋವಾಗಳೂ ಎದುರಾಗುತ್ತಿದ್ದವು. ಪಶ್ಚಿಮದಲ್ಲಿ ಬೊಂಬಾಯಿ ತಂಡದ್ದೇ ದರ್ಬಾರು. ಒಂದು ವಲಯದ ನೂರು ರನ್ನೂ ಇನ್ನೊಂದು ವಲಯದ ನೂರು ರನ್ನೂ ಒಂದೇ ಎನ್ನಲು ಹೇಗೆ ಸಾಧ್ಯ? ಆಯಾ ವಲಯದ ಉತ್ತಮರನ್ನು ಒಟ್ಟುಗೂಡಿಸಿ ಪರಸ್ಪರ ಎದುರಾಗಿಸುವ ದುಲೀಪ್ ಟ್ರೋಫಿ 1961-62ರಲ್ಲಿ ಆರಂಭವಾದಾಗ, ಆಯ್ಕೆಗಾರರಿಗೆ ಇಬ್ಬರನ್ನು ಒಂದೇ ಮೈದಾನದಲ್ಲಿ ಹೋಲಿಸಿ ನೋಡುವ ಅನುಕೂಲವೂ ಸಿಕ್ಕಿತು.

ಮುಂದೆ ರಣಜಿ ತಂಡಗಳನ್ನು ಎಲೀಟ್, ಪ್ಲೇಟ್ ಎಂದು ವಿಂಗಡಿಸಿದರು. 2018-19ರಲ್ಲಿ ಒಂಬತ್ತು ಹೊಸ ತಂಡಗಳು ಬಂದು ಪ್ಲೇಟ್ ಗುಂಪಿಗೆ ಸೇರಿದವು. ಆ ವರ್ಷ ಇಡೀ ದೇಶದಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಗಳಿಸಿದ್ದು ಸಿಕ್ಕಿಂ ತಂಡಕ್ಕೆ ಆಡಿದ ಮಿಲಿಂದ್ ಕುಮಾರ್, 1331 ರನ್. ಬಿಹಾರದ ಅಶುತೋಷ್ ಅಮನ್ 68 ವಿಕೆಟ್ ಪಡೆದು, ಬಿಷನ್ ಸಿಂಗ್ ಬೇಡಿ ಅವರು 1974-75ರಲ್ಲಿ ಮಾಡಿದ್ದ 64 ವಿಕೆಟ್‌ಗಳ ದಾಖಲೆಯನ್ನು ಮುರಿದರು. ದಾಖಲೆ ಮುರಿಯಿತು, ನಿಜ. ಆದರೆ ಅಮನ್ ಅವರು ಬೇಡಿಯವರಿಗಿಂತ ದೊಡ್ಡ ಬೌಲರ್ ಎಂದು ಯಾರೂ ಹೇಳಲಿಲ್ಲ.

ಇಷ್ಟನ್ನೇ ನೋಡಿದರೆ ನಾನು ಆ ಅಪ್ಪನಿಗೆ ಹೇಳಿದ್ದು ಸರಿಯೇ ಎನಿಸುತ್ತದೆ. ಆದರೆ ಅದೇ ದಕ್ಷಿಣ ವಲಯದ ಇನ್ನೊಂದು ಕಥೆ ಕೇಳಿ. 1967ರಲ್ಲಿ ಭದ್ರಾವತಿಯ ಒಬ್ಬ ಸಣಕಲು ಹುಡುಗ ಮೈಸೂರು ತಂಡದ ಪರವಾಗಿ ತನ್ನ ಮೊದಲ ರಣಜಿ ಪಂದ್ಯ ಆಡಿ 230 ರನ್ ಹೊಡೆದ. ಎದುರಾಳಿ ಆಂಧ್ರ. ‘ಆಂಧ್ರದ ಎದುರಲ್ಲವೇ’ ಎಂದು ಮೂಗು ಮುರಿಯಲು ಯಾರಿಗಾದರೂ ಅವಕಾಶವಿತ್ತು. ಎರಡು ವರ್ಷಗಳ ಬಳಿಕ, 1969ರಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಅದೇ ಹುಡುಗ ತನ್ನ ಮೊದಲ ಟೆಸ್ಟ್ ಆಡಿದ. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರೇ ನಮ್ಮ ಜಿ.ಆರ್. ವಿಶ್ವನಾಥ್. ಆಂಧ್ರದ ಎದುರು ಬಂದ ಆ 230 ಸುಳ್ಳಾಗಿರಲಿಲ್ಲ.

ತಮಿಳುನಾಡಿನ ಎನ್. ಜಗದೀಶನ್ ಅವರದ್ದೂ ಹೀಗೆಯೇ. 2022ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅರುಣಾಚಲ ಪ್ರದೇಶದ ಎದುರು ಅವರು 141 ಎಸೆತಗಳಲ್ಲಿ 277 ರನ್ ಹೊಡೆದರು. ಅರುಣಾಚಲ 71ಕ್ಕೆ ಮುಗಿಯಿತು. ಆ 277ನ್ನು ಬೇಕಾದರೆ ಪಕ್ಕಕ್ಕಿಡಿ. ಅದಕ್ಕೆ ಮೊದಲು ಆಂಧ್ರ, ಛತ್ತೀಸ್‌ಗಢ, ಗೋವಾ, ಹರಿಯಾಣಗಳ ಎದುರು ಅವರು ಸಾಲಾಗಿ ನಾಲ್ಕು ಶತಕ ಹೊಡೆದಿದ್ದರಲ್ಲ, ಅವನ್ನು ಪಕ್ಕಕ್ಕಿಡಲು ಬರುತ್ತದೆಯೇ?

ಬಲವಾದ ತಂಡದಲ್ಲಿ ಆಡುವವನ ಲೆಕ್ಕದಲ್ಲೂ ಒಂದು ತಿದ್ದುಪಡಿ ಉಂಟು. ಅದನ್ನು ನಾವು ಮರೆಯುತ್ತೇವೆ. ಎಪ್ಪತ್ತರ ದಶಕದಲ್ಲಿ ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಕರ್ನಾಟಕದವರು. ದೇಶದ ಬೇರೆಲ್ಲ ಬ್ಯಾಟ್ಸ್‌ಮನ್‌ಗಳಿಗೆ ಅವರ ಭಯವಿತ್ತು. ಕರ್ನಾಟಕದ ಬ್ಯಾಟ್ಸ್‌ಮನ್‌ಗಳಿಗೆ ಮಾತ್ರ ರಣಜಿ ಪಂದ್ಯದಲ್ಲಿ ಅವರನ್ನು ಎದುರಿಸುವ ಕಷ್ಟವೇ ಇರಲಿಲ್ಲ!

ಈ ಜಗಳ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬಂದಾಗ ಅಲ್ಲಿನ ಕಾಲೇಜು ಫುಟ್‌ಬಾಲಿನ ಕಥೆ ಹೇಳಿದ. ಅದು ನಮ್ಮ ಫುಟ್‌ಬಾಲಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಎಸೆದು ಆಡುವಂಥದ್ದು. ಎಸೆಯುವ ಮುಖ್ಯ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಕಾಲೇಜುಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿ, ಹೆಚ್ಚಾಗಿ ತಮ್ಮತಮ್ಮೊಳಗೇ ಆಡುತ್ತವೆ. ಕೆಲವು ಗುಂಪು ಬಲಿಷ್ಠ, ಕೆಲವು ಸಾಧಾರಣ. ವೃತ್ತಿಪರ ತಂಡಗಳು ಹುಡುಗರನ್ನು ಆರಿಸುವಾಗ ಪ್ರತಿ ವರ್ಷವೂ ಇದೇ ಪ್ರಶ್ನೆ: ಇವನ ಅಂಕಿಗಳು ಯಾರ ಎದುರು ಬಂದವು? ವಯೋಮಿಂಗ್ ಎಂಬ ಸಾಧಾರಣ ಗುಂಪಿನ ಕಾಲೇಜಿನಿಂದ ಜೋಶ್ ಅಲೆನ್ ಎಂಬ ಹುಡುಗ ಬಂದ. 2017ರಲ್ಲಿ ದೊಡ್ಡ ಗುಂಪುಗಳ ಐಯೊವಾ, ಒರೆಗಾನ್ ತಂಡಗಳು ಎದುರಾದಾಗ ಅವನ ತಂಡ ಸೋತಿತ್ತು, ಅವನೂ ಚೆನ್ನಾಗಿ ಆಡಿರಲಿಲ್ಲ. ಆದರೂ 2018ರಲ್ಲಿ ಬಫಲೋ ತಂಡದವರು ಅವನನ್ನು ಏಳನೆಯವನಾಗಿ ಆರಿಸಿಕೊಂಡರು. 2024ರ ಋತುವಿನಲ್ಲಿ ಆ ದೇಶದ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಅವನದಾಯಿತು.

ಇದನ್ನು ಕೇಳಿ ನಾನು ಯೋಚನೆಗೆ ಬಿದ್ದೆ. ಬಲಿಷ್ಠರ ಎದುರು ಸೋತದ್ದೂ ಕೊನೆಯ ಮಾತಲ್ಲ ಎಂದಾಯಿತು. ದುರ್ಬಲ ತಂಡದಲ್ಲಿರುವವನಿಗೆ ಎದುರಾಳಿ ಬಲಿಷ್ಠ, ಜೊತೆಗಾರರು ದುರ್ಬಲ, ಹೀಗೆ ಎರಡು ಕಡೆಯಿಂದಲೂ ಹೊರೆ. ನನ್ನ ಹುಡುಗ ಆ ಶಿಬಿರದಲ್ಲಿ ಜೀವನದಲ್ಲೇ ಮೊದಲ ಸಲ ಅಂಥ ವೇಗದ ಚೆಂಡು ಕಂಡಿದ್ದ. ಒಂದು ಬೆಳಗ್ಗೆಯ ಆಟ ಅದು!

ಎಂಟನೇ ತರಗತಿಯ ಮಕ್ಕಳಿಗೆ ಮೊಟ್ಟೆಯ ಪ್ರಯೋಗ ಮಾಡಿ ತೋರಿಸುತ್ತೇನೆ. ಸಿಹಿನೀರಿನ ಲೋಟದಲ್ಲಿ ಮೊಟ್ಟೆ ಮುಳುಗುತ್ತದೆ. ಆ ನೀರಿಗೆ ಉಪ್ಪು ಕಲಕುತ್ತ ಹೋದರೆ ಅದೇ ಮೊಟ್ಟೆ ತೇಲುತ್ತದೆ. ತೇಲಿದ್ದು ಮೊಟ್ಟೆಯ ಹೆಚ್ಚುಗಾರಿಕೆಯಲ್ಲ, ನೀರಿನ ಸಾಂದ್ರತೆ ಎಂದು ವಿವರಿಸುತ್ತೇನೆ. ಹಾಗೆಂದ ಮೇಲೆ ಮುಳುಗಿದ್ದೂ ಮೊಟ್ಟೆಯ ದೋಷವಲ್ಲ. ಇಷ್ಟು ವರ್ಷ ಪಾಠ ಮಾಡಿದ ನನಗೇ ಇದರ ಅರ್ಧ ಭಾಗ ಮಾತ್ರ ತಿಳಿದಿತ್ತು. ಮೊದಲು ನಾನು ನೀರನ್ನು ನೋಡದೆ ಹುಡುಗನನ್ನು ಹೊಗಳಿದೆ. ಆಮೇಲೆ ನೀರನ್ನು ನೋಡಿ ಹುಡುಗನನ್ನು ತೆಗಳಿದೆ. ಎರಡು ಸಲವೂ ಹುಡುಗನನ್ನು ಸರಿಯಾಗಿ ನೋಡಿರಲೇ ಇಲ್ಲ.

ಮಕ್ಕಳ ಅಂಕಪಟ್ಟಿ ಹಿಡಿದು ಕುಳಿತ ತಂದೆತಾಯಿಯರಿಗೂ ಈ ಮಾತು ಸಲ್ಲುತ್ತದೆ. 2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಹಿಂದಿನ ಅಂಕಗಳನ್ನು ನೋಡಿ ಫಲಿತಾಂಶ ಕೊಟ್ಟರು. ಮರುವರ್ಷ ಆ ವಿದ್ಯಾರ್ಥಿಗಳು ಮತ್ತೆ ಸಿಇಟಿ ಬರೆದಾಗ, ಅವರ ಪಿಯು ಅಂಕಗಳನ್ನು ಪರೀಕ್ಷೆ ಬರೆದೇ ಅಂಕ ಪಡೆದವರ ಜೊತೆ ಹೇಗೆ ಸೇರಿಸುವುದು ಎಂಬ ಪ್ರಶ್ನೆ ಹೈಕೋರ್ಟಿನವರೆಗೂ ಹೋಯಿತು. ಎಲ್ಲ ಅಂಕವನ್ನೂ ಹಾಗೆಯೇ ಒಪ್ಪಿದರೆ ಒಂದು ಕಡೆಯವರಿಗೆ ಅನ್ಯಾಯ, ಪೂರ್ತಿ ಬಿಟ್ಟರೆ ಇನ್ನೊಂದು ಕಡೆಯವರಿಗೆ. ಕೊನೆಗೆ ಎರಡನ್ನೂ ಸರಿದೂಗಿಸುವ ಸೂತ್ರವೊಂದನ್ನು ಹುಡುಕಬೇಕಾಯಿತು.

ಹಾಗಾದರೆ ನಮ್ಮ ಊರಿನ ಹುಡುಗ ಏನು ಮಾಡಬೇಕು? ದಾರಿ ಒಂದೇ, ಇನ್ನೂ ಗಟ್ಟಿಯಾದವರ ಎದುರು ಆಡಬೇಕು. ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ಮಂಗಳೂರು ಒಂದು ವಲಯ. ಇಲ್ಲಿ ರಾಶಿ ರನ್ ಹೊಡೆದವನೂ ಬೆಂಗಳೂರಿನವರ ಎದುರು ನಿಂತು ತೋರಿಸಬೇಕಾಗುತ್ತದೆ. ಸುರತ್ಕಲ್‌ನಲ್ಲಿ ಬೆಳೆದು, ಮಂಗಳೂರಿನಲ್ಲಿ ಆಟ ಕಲಿತ ಕೆ.ಎಲ್. ರಾಹುಲ್ ಮುಂದೆ ಬೆಂಗಳೂರಿಗೆ ಹೋದರು. 2010-11ರಲ್ಲಿ ರಾಜ್ಯ ತಂಡ ಸೇರಿದರು. 2015ರ ಜನವರಿಯಲ್ಲಿ ಸಿಡ್ನಿಯಲ್ಲಿ ಟೆಸ್ಟ್ ಶತಕ ಹೊಡೆದರು. ಆಗ ಅವರು ಚಿಕ್ಕಂದಿನಲ್ಲಿ ಯಾವ ಊರಿನಲ್ಲಿ ಯಾರ ಎದುರು ಆಡಿದ್ದರು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಬೆಂಗಳೂರಿಗೆ ಹೋಗಲಾಗದು, ನಿಜ. ಆದರೆ ದೊಡ್ಡ ತಂಡದ ಜೊತೆ ಒಂದು ಅಭ್ಯಾಸ ಪಂದ್ಯ, ನೆಟ್ಸಿನಲ್ಲಿ ದೊಡ್ಡವರ ಎದುರು ಹತ್ತು ಓವರು, ಇಷ್ಟನ್ನು ಯಾವ ಶಾಲೆಯೂ ಏರ್ಪಡಿಸಬಹುದು. ಸೋತರೂ ನಷ್ಟವಿಲ್ಲ. ಅಲ್ಲಿ ಬಂದ ಹದಿನೈದು ರನ್ ಸುಲಭದ ಶತಕಕ್ಕಿಂತ ಹೆಚ್ಚು ಕಲಿಸುತ್ತದೆ ಎಂದು ಮನೆಯವರು ಮಗುವಿಗೆ ಮೊದಲೇ ಹೇಳಿಟ್ಟಿರಬೇಕು, ಅಷ್ಟೆ.

ಕಳೆದ ವರ್ಷ ನೆಹರೂ ಮೈದಾನದ ಬದಿಯಲ್ಲಿ ಆ ಹುಡುಗ ಸಿಕ್ಕಿದ. ಈಗ ಅವನು ಹುಡುಗನಲ್ಲ. ಪುಟ್ಟ ಮಗನನ್ನು ಕೈಹಿಡಿದುಕೊಂಡು ಆಟ ತೋರಿಸಲು ಬಂದಿದ್ದ. ಮಾತಿನ ನಡುವೆ, “ಅವತ್ತು ನಿನ್ನ ಎದುರಿಗೆ ನಾನು ಹಾಗೆ ಹೇಳಬಾರದಿತ್ತು ಮಾರಾಯ” ಎಂದೆ.

ಅವನು ನಕ್ಕ. “ಇಲ್ಲ ಸರ್, ನೀವು ಹೇಳಿದ್ದು ಸರಿಯೇ ಇತ್ತು. ಆ ಬೌಲಿಂಗ್ ಸುಲಭ ಅಂತ ನನಗೂ ಗೊತ್ತಿತ್ತು. ಕ್ಲಬ್ಬಿಗೆ ಆಡುತ್ತಿದ್ದನಲ್ಲ, ಅವನ ಜೊತೆ ನನ್ನನ್ನೂ ಆದಿತ್ಯವಾರ ಸೇರಿಸಿಕೊಡಿ ಅಂತ ನಿಮ್ಮಲ್ಲಿ ಕೇಳ್ಬೇಕು ಅಂತ ಇದ್ದೆ. ನೀವು ಹಾಗೆ ಹೇಳಿದ ಮೇಲೆ ಕೇಳ್ಲಿಕ್ಕೆ ನಾಚಿಕೆ ಆಯ್ತು.”

ನನಗೆ ಏನು ಹೇಳಲೂ ತೋಚಲಿಲ್ಲ. ಅವನ ಮಗ ಬೌಂಡರಿ ಗೆರೆಯ ಆಚೆ ಬಿದ್ದಿದ್ದ ಚೆಂಡನ್ನು ಹೆಕ್ಕಿ ಆಡುವವರತ್ತ ಎಸೆಯುತ್ತಿದ್ದ.

ಈಗ ಪಿ.ಟಿ. ಮಾಸ್ಟ್ರು ಬೇರೆ ಇದ್ದಾರೆ. ತಂಡದ ಪಟ್ಟಿ ಮಾಡುವಾಗ ನನ್ನನ್ನೂ ಕರೆಯುತ್ತಾರೆ. ನಾನು ಪ್ರತಿ ಹುಡುಗನ ರನ್ನಿನ ಪಕ್ಕದಲ್ಲಿ ‘ಯಾರ ಎದುರು’ ಎಂಬ ಒಂದು ಕಾಲಂ ಹಾಕಿಸಿದ್ದೇನೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಉಂಟು: ‘ಮುಂದೆ ಯಾರ ಎದುರು ಆಡಿಸಬೇಕು’. ಅದನ್ನು ತುಂಬುವ ಮೊದಲು ಹುಡುಗನನ್ನೇ ಕರೆದು ಕೇಳುತ್ತೇವೆ.