ನಿಮ್ಮೂರಲ್ಲಿ ನೋಡುವಂಥದ್ದೇನಿದೆ?

ದೂರದಿಂದ ನೆಂಟರು ಬಂದರೆ ನೀವು ಅವರಿಗೆ ನಿಮ್ಮೂರಿನಲ್ಲಿ ಏನು ತೋರಿಸುತ್ತೀರಿ? ಒಮ್ಮೆ ನಿಮ್ಮನ್ನು ನೀವೇ ಕೇಳಿ ನೋಡಿ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗಂತೂ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನ, ಶಾಲ್ಮಲಾ ನದಿಯ ಸಹಸ್ರಲಿಂಗ, ಕದಂಬರ ಬನವಾಸಿ, ಸೋಂದಾ. ಸಿದ್ದಾಪುರಕ್ಕೆ ಹೋದರೆ ಉಂಚಳ್ಳಿ ಜಲಪಾತ, ಇನ್ನೂ ಮುಂದೆ ಹೋದರೆ ಜೋಗ. ಯಲ್ಲಾಪುರದಲ್ಲಿ ಮಾಗೋಡು, ಸಾತೊಡ್ಡಿ. ಎಲ್ಲವೂ ನೋಡತಕ್ಕ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದರಲ್ಲಿರುವುದು ಒಂದೋ ಕಲ್ಲು, ಇಲ್ಲವೇ ನೀರು. ಆ ನೀರಿಗೂ ನಮ್ಮ ಹೆಸರು ಸಾಲದೆ, ಲಶಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರನ್ನು ಉಂಚಳ್ಳಿಗೆ ಅಂಟಿಸಿ ಇಂದಿಗೂ ಹೇಳುತ್ತೇವೆ! ಇಲ್ಲಿನ ಜನ, ಅದರಲ್ಲೂ ಹೆಂಗಸರು, ದಿನವಿಡೀ ಕೈಯಿಂದ ಮಾಡುವ ಕೆಲಸ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಈ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಇಲ್ಲಲ್ಲ, ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ. ಮಗಳ ಬಾಣಂತನಕ್ಕೆಂದು ಕೆಲವು ತಿಂಗಳು ಅಲ್ಲಿದ್ದೆ. ಅಳಿಯ ಒಂದು ಭಾನುವಾರ "ಊರು ತೋರಿಸುತ್ತೇನೆ" ಎಂದು ಸಾಲ್ಟೇರ್ ಎಂಬಲ್ಲಿಗೆ ಕರೆದೊಯ್ದರು. ಅರಮನೆಯೋ ಕೋಟೆಯೋ ಇರಬೇಕೆಂದುಕೊಂಡು ಹೋದರೆ ಕಂಡಿದ್ದು ಒಂದು ಹಳೆಯ ಉಣ್ಣೆಯ ಗಿರಣಿ. ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ 1853ರಲ್ಲಿ ಅದನ್ನು ತೆರೆದು, ಪಕ್ಕದಲ್ಲೇ ಕೆಲಸಗಾರರಿಗಾಗಿ ಸಾಲು ಸಾಲು ಮನೆ, ಶಾಲೆ, ಆಸ್ಪತ್ರೆ, ಬಟ್ಟೆ ಒಗೆಯುವ ಮನೆ ಎಲ್ಲವನ್ನೂ ಕಟ್ಟಿಸಿದನಂತೆ. 1986ರಲ್ಲಿ ಗಿರಣಿ ನಿಂತುಹೋಯಿತು. ಈಗ ಅದರೊಳಗೆ ಡೇವಿಡ್ ಹಾಕ್ನಿ ಎಂಬ ಅಲ್ಲಿನ ದೊಡ್ಡ ಕಲಾವಿದರ ಚಿತ್ರಗಳಿವೆ. 2001ರಿಂದ ಆ ಇಡೀ ಕೂಲಿಕಾರರ ಕೇರಿ ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ಜನ ದೂರದೂರುಗಳಿಂದ ಬಂದು, ಕೂಲಿಯವರು ವಾಸವಿದ್ದ ಮನೆಗಳ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬ್ರಾಡ್‌ಫರ್ಡ್ 2025ರಲ್ಲಿ ಬ್ರಿಟನ್ನಿನ 'ಸಂಸ್ಕೃತಿಯ ನಗರ'ವಾಗಿತ್ತು. ದುಡಿಮೆಯನ್ನೂ ಸಂಸ್ಕೃತಿಯೆಂದು ಅತಿಥಿಗಳಿಗೆ ತೋರಿಸಬಹುದು ಎಂಬುದು ನನಗೆ ಹೊಸದಾಗಿ ಕಂಡಿತು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ತಿಳಿಯಬೇಡಿ. ಮಗಳ ಪಕ್ಕದ ಮನೆಯಲ್ಲಿ ಮೀರ್‌ಪುರದ ಕಡೆಯ ಒಬ್ಬ ವೃದ್ಧೆ ಇದ್ದರು. ನಾನು ಆಪಾ ಎನ್ನುತ್ತಿದ್ದೆ. ಅವರ ಪಹಾಡಿ ನನಗೆ, ನನ್ನ ದಖ್ಖನಿ ಉರ್ದು ಅವರಿಗೆ ಅರ್ಧರ್ಧ ಅರ್ಥವಾಗಿ, ಉಳಿದರ್ಧವನ್ನು ನಗುವಿನಲ್ಲೇ ತುಂಬಿಕೊಳ್ಳುತ್ತಿದ್ದೆವು. 1967ರಲ್ಲಿ ಪೂರ್ಣಗೊಂಡ ಮಂಗ್ಲಾ ಅಣೆಕಟ್ಟಿನಿಂದ ಮೀರ್‌ಪುರದ ಸುತ್ತಮುತ್ತ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಬ್ರಾಡ್‌ಫರ್ಡಿನ ಗಿರಣಿಗಳಿಗೆ ಬಂದು ಸೇರಿದರು. ಲಿಂಗನಮಕ್ಕಿಯ ಹಿನ್ನೀರಿಗೆ ಮನೆ ಬಿಟ್ಟವರ ಕಥೆ ಕೇಳಿ ಬೆಳೆದ ಸಿದ್ದಾಪುರದವಳಾದ ನನಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಆಪಾರ ಗಂಡ ಇಪ್ಪತ್ತು ವರ್ಷ ಉಣ್ಣೆ ಗಿರಣಿಯೊಂದರಲ್ಲಿ ರಾತ್ರಿ ಪಾಳಿ ಮಾಡಿದವರು. "ಸಾಲ್ಟೇರ್ ನೋಡಿದ್ದೀರಾ ಆಪಾ?" ಎಂದು ಕೇಳಿದೆ. "ಗಿರಣಿಯನ್ನೇನು ನೋಡುವುದು? ಇವರ ಅಂಗಿಯಿಂದ ಉಣ್ಣೆಯ ಎಣ್ಣೆ ವಾಸನೆ ಹೋಗಿಸುವುದರಲ್ಲೇ ನನ್ನ ಯೌವನ ಹೋಯಿತು" ಎಂದರು.

ಹೀಗೆ ನೋಡಿದರೆ ಸಂಸ್ಕೃತಿ ಎನ್ನುವುದು ಯಾರು ತೋರಿಸುತ್ತಾರೆ, ಏನನ್ನು ಬಿಟ್ಟು ತೋರಿಸುತ್ತಾರೆ ಎಂಬುದರ ಮೇಲೆಯೇ ನಿಂತಿದೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪು ಸುಲ್ತಾನರ ಮರದ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಂಡೊಯ್ದದ್ದು. ನಮ್ಮಲ್ಲಿಂದ ಹೋದ ಆ ಹುಲಿ ಈಗ ಲಂಡನ್ ನೋಡಲು ಬಂದವರು ತಪ್ಪದೆ ನೋಡುವ ವಸ್ತು!

ಈಗ ನಮ್ಮ ಕಡೆಗೆ ಬರೋಣ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳ ಅಡಿಕೆಗೆ ಸಿಕ್ಕ ಗೌರವ ಅದು. (ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಮರೆಯಬೇಡಿ. ನಾನು ಹೇಳುತ್ತಿರುವುದು ದುಡಿಮೆಯ ಮಾತು.) ತೋಟಿಗರ ಹೆಸರು ಬಂತು, ಮಣ್ಣಿನ ಹೆಸರು ಬಂತು. ಸುಲಿದ ಕೈಗಳ ಸುದ್ದಿಯೇ ಇಲ್ಲ. ಚಳಿಗಾಲದಲ್ಲಿ ಕೊನೆಗಾರ ಮರ ಹತ್ತಿ ಕೊನೆ ಇಳಿಸಿದ ಮೇಲೆ ಹಸಿ ಅಡಿಕೆಯನ್ನು ಇಟ್ಟುಕೊಳ್ಳುವಂತಿಲ್ಲ, ಬೇಗ ಸುಲಿದು ಬೇಯಿಸಬೇಕು. ಆಗ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುವವರಲ್ಲಿ ಹೆಚ್ಚಿನವರು ಹೆಂಗಸರೇ. ರಾತ್ರಿ ಬಹಳ ಹೊತ್ತಿನವರೆಗೆ ಕೆಲಸ ನಡೆಯುತ್ತದೆ. ನನ್ನ ಅಮ್ಮನೂ ಹೀಗೆ ಸುಲಿದವರು. ಕೂಲಿ ಅಳತೆಯ ಲೆಕ್ಕದಲ್ಲಿ. ಹಸಿ ಅಡಿಕೆಯ ಕಲೆ ಬೆರಳುಗಳಿಗೆ ಹತ್ತಿ ಕಪ್ಪಾದರೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಅಮ್ಮ ಮೆಹಂದಿಯನ್ನು ಅಂಗೈಗಿಂತ ಬೆರಳುಗಳಿಗೇ ದಟ್ಟವಾಗಿ ಹಚ್ಚಿಸಿಕೊಳ್ಳುತ್ತಿದ್ದರು. ಅದು ಚೆಂದಕ್ಕೆಂದು ನಾವು ಮಕ್ಕಳು ತಿಳಿದಿದ್ದೆವು. ಈಗ ಸುಲಿಯುವ ಯಂತ್ರಗಳು ಬಂದಿವೆ, ಒಳ್ಳೆಯದೇ ಆಯಿತು. ಆದರೆ ಆ ರಾತ್ರಿಗಳ ಕಥೆ, ಒಗಟು, ತಮಾಷೆಗಳನ್ನು ಯಾರಾದರೂ ಬರೆದಿಟ್ಟುಕೊಂಡರೆ ಸಾಕು ಎನಿಸುತ್ತದೆ.

ಇನ್ನೊಂದು ಉದಾಹರಣೆ ಸಿದ್ದಿ ಹೆಂಗಸರ ಕೌದಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದ, ಅವರಲ್ಲೂ ಅನೇಕರು ಗೋವೆಯ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದ ಜನ ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಅವರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಕೆಲವು ಮುಸ್ಲಿಂ ಸಿದ್ದಿಯರ ಕೌದಿಯಲ್ಲಿ ಅರ್ಧಚಂದ್ರ ಕಾಣುತ್ತದೆ, ಕ್ರೈಸ್ತರದ್ದರಲ್ಲಿ ಶಿಲುಬೆ. ನಾಲ್ಕು ಮೂಲೆಗೂ 'ಫೂಲ' ಎಂಬ ಮಡಿಸಿದ ತ್ರಿಕೋನದ ತುಂಡುಗಳು ಇರಲೇಬೇಕು. ಅವಿಲ್ಲದ ಕೌದಿ ಬೆತ್ತಲೆಯಂತೆ! 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಶಿರಸಿಯಿಂದ ಕೆಲವೇ ಗಂಟೆಯ ದಾರಿಯಲ್ಲಿರುವ ಈ ಹೊಲಿಗೆಯನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಪ್ರವಾಸಿಗರ ಮುಂದೆ ಸಿದ್ದಿಗಳೆಂದರೆ ಡಮಾಮಿ ಬಡಿದು ಕುಣಿಯುವವರು, ಅಷ್ಟೇ. ಕುಣಿತ ಹೊತ್ತು ಕಳೆಯಲು ಚೆನ್ನ, ಮನೆಯೊಳಗಿನ ಸೂಜಿ ಯಾರಿಗೆ ಬೇಕು?

ಕಳೆದ ಚಳಿಗಾಲ ಮಗಳು ಬಂದಾಗ ಜೊತೆಗೆ ಅವಳ ಗೆಳತಿ, ಬ್ರಾಡ್‌ಫರ್ಡಿನ ದಾದಿಯೊಬ್ಬಳು, ಬಂದಿದ್ದಳು. ಮಾಗೋಡು ನೋಡಿಕೊಂಡು ಬರುವಾಗ ನಾನೇ ಹಟ ಹಿಡಿದು ಪರಿಚಯದ ಒಂದು ಸಿದ್ದಿ ಮನೆಗೆ ಕರೆದೊಯ್ದೆ. ಮೊದಲಿಗೆ ಆ ಮನೆಯಾಕೆಗೆ ಸಂಕೋಚ. "ಅಯ್ಯೋ, ಇದನ್ನೇನು ನೋಡ್ತಾರಮ್ಮಾ, ಹಳೇ ಬಟ್ಟೆ" ಎಂದಳು. ಗೆಳತಿ ನೆಲದಲ್ಲೇ ಕುಳಿತು ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಇದು ಏನು, ಇದು ಏನು ಎಂದು ಕೇಳಿದಳು. ಮಗಳು ಅತ್ತಿಂದಿತ್ತ ಮಾತು ದಾಟಿಸಿದಳು. ಸ್ವಲ್ಪ ಹೊತ್ತಿಗೆ ಮನೆಯಾಕೆಯ ಸಂಕೋಚ ಬಿಟ್ಟಿತು. "ಈ ನೀಲಿ ನನ್ನ ಮಗಳ ಶಾಲೆಯ ಯೂನಿಫಾರಂ. ಏಳನೇ ಕ್ಲಾಸಿಗೆ ಬಿಡಿಸಿದೆವು. ಈ ಚೌಕುಳಿ ನನ್ನ ಗಂಡನ ಲುಂಗಿ. ಈ ಹಸಿರಿದೆಯಲ್ಲ, ಇದು ನನ್ನ ಮದುವೆ ಸೀರೆ" ಎಂದು ಹೇಳುತ್ತಾ, ಇನ್ನೂ ಹೊಲಿಯದೆ ಉಳಿದಿದ್ದ ನಡುಭಾಗವನ್ನು ತೊಡೆಯ ಮೇಲೆ ಹರಡಿ ಸೂಜಿಗೆ ದಾರ ಪೋಣಿಸತೊಡಗಿದಳು.