ನಮ್ಮ ಬಾಯಿಯ ಸೇತುವೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ ಘನವಾದ ವಿಷಯವಾವದೂ ನಮಗೆ ಹೊಳೆಯಲಿಲ್ಲ. ಎರಡು ವರ್ಷ ನಮ್ಮನ್ನು ಕಾಡಿದ್ದು ಒಂದು ಹಲ್ಲು. ಅದರ ವೃತ್ತಾಂತವನ್ನೇ ಅರಿಕೆ ಮಾಡಿಕೊಳ್ಳುವೆವು.

ಹಾನಗಲ್ಲಿನಲ್ಲಿ ಉಪಾಧ್ಯಾಯಿನಿಯಾಗಿದ್ದಾಗ ಕೆಳಗಿನ ಬಲಗಡೆಯ ದವಡೆಹಲ್ಲೊಂದನ್ನು ಕೀಳಿಸಬೇಕಾಯಿತು. ಆ ಎಡೆಯನ್ನು ತುಂಬುವದಕ್ಕಾಗಿ ವೈದ್ಯರೊಬ್ಬರು ಅಕ್ಕಪಕ್ಕದ ಹಲ್ಲುಗಳನ್ನು ಅರೆದು, ಮೂರು ಹಲ್ಲುಗಳ ಸೇತುವೆಯನ್ನು ಕೂಡಿಸಿದರು. ಬಾಯಿ ಇನ್ನೂ ಮರಗಟ್ಟಿರುವಾಗಲೇ ಸರಿಯಾಯಿತೇ ಎಂದು ಕೇಳಿದರು; ನಾವು ತಲೆಯಾಡಿಸಿದೆವು. ಮರಗಟ್ಟಿದ ಬಾಯಿ ಏನು ಸಾಕ್ಷಿ ಹೇಳೀತು!

ಸಂಜೆಗೆ ನಿಜಸ್ಥಿತಿ ತಿಳಿಯಿತು. ಬಾಯಿ ಮುಚ್ಚಿದರೆ ಸೇತುವೆಯೊಂದೇ ಮೇಲಿನ ಹಲ್ಲಿಗೆ ತಾಕುವದು. ಎಡಗಡೆಯಲ್ಲಿ ಸಂದು ಉಳಿಯುವದು. ನಾಲ್ಕು ದಿನದಲ್ಲಿ ರೂಢಿಯಾಗುವದೆಂದರು. ಆಗಲಿಲ್ಲ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಹತ್ತಿದೆವು. ಸವಣೂರಿನ ತಂಗಿಯ ಮನೆಯಲ್ಲಿ ಆ ಊರಿನ ಹೆಸರಾದ ವೀಳ್ಯದೆಲೆಯನ್ನೂ ಬೇಡವೆನ್ನಬೇಕಾಯಿತು. ಬೆಳಗಾದರೆ ಕಣತಲೆಯ ನೋವು. ಮರಳಿ ಹೋದಾಗ ಅವರು ಸೇತುವೆಯನ್ನು ಮುಟ್ಟದೆ, ಮೇಲಿನ ನಮ್ಮ ಸ್ವಂತ ಹಲ್ಲನ್ನೇ ತೇದರು. ಹಲ್ಲಿನ ಮೇಲಿನ ಆ ಗಟ್ಟಿ ಹೊದಿಕೆಯು ಒಮ್ಮೆ ಸವೆದರೆ ತಿರುಗಿ ಬೆಳೆಯುವದಿಲ್ಲವೆಂಬುದು ಆಗ ನಮಗೆ ತಿಳಿಯದು.

ಅಷ್ಟರಲ್ಲಿ ಹಿರೇಕೆರೂರಿಗೆ ವರ್ಗವಾಯಿತು. ಒಂದು ದಿನ ಪದ್ಯವನ್ನು ಓದುತ್ತಿರುವಾಗ ದವಡೆಯ ಕೀಲು ಕಟಕ್ಕೆಂದಿತು. ಮುಂದಿನ ಸಾಲಿನ ಹುಡುಗಿಯರು ನಕ್ಕರು. ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅಂದಿನಿಂದ ನಾವು ಗಟ್ಟಿಯಾಗಿ ಓದುವದನ್ನು ಬಿಟ್ಟು, ಪದ್ಯಗಳನ್ನು ಅವರಿಂದಲೇ ಓದಿಸಹತ್ತಿದೆವು. ಇಪ್ಪತ್ತು ವರ್ಷ ಪದ್ಯ ಓದಿಯೇ ಅನ್ನ ಉಂಡವರಿಗೆ ಇದು ಹಲ್ಲುನೋವಿಗಿಂತ ದೊಡ್ಡ ನೋವು.

ಕಡೆಗೆ ಶಿಗ್ಗಾವಿಯ ಮೇಲೆ ಹಾದು, ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತ ವಿದ್ಯಾಲಯಕ್ಕೆ ಹೋದೆವು. ಅಲ್ಲಿನ ತರುಣ ವೈದ್ಯೆಯು ನಮ್ಮನ್ನು ವಿದ್ಯಾರ್ಥಿನಿಯಂತೆ ಕೂಡ್ರಿಸಿ ವಿವರಿಸಿದಳು. ಹಲ್ಲು ಎಲುಬಿಗೆ ನೇರವಾಗಿ ಅಂಟಿಲ್ಲ. ನಡುವೆ ಸುಮಾರು 0.2 ಮಿಲಿಮೀಟರು ದಪ್ಪದ ನಾರಿನ ಹಾಸಿಗೆಯುಂಟು. ಕೂದಲೆಳೆಯಷ್ಟು ಎತ್ತರವನ್ನೂ ಅದು ಅರಿಯುವದು. ನಮ್ಮ ಸೇತುವೆಯ ಹಿಂಭಾಗ ಎತ್ತರ, ಮೇಲ್ಮೈಯೋ ದಿನ್ನೆತಗ್ಗುಗಳಿಲ್ಲದೆ ಚಪ್ಪಟೆ. ಆ ಎತ್ತರವನ್ನು ತಪ್ಪಿಸಲು ದವಡೆಯು ಪ್ರತಿಸಲವೂ ಪಕ್ಕಕ್ಕೆ ಜಾರುವದು, ಸ್ನಾಯುಗಳು ದಣಿಯುವವು. ಕಣತಲೆಯ ನೋವಿಗೆ ಅದೇ ಮೂಲವಂತೆ.

ಆಕೆ ಅವಸರ ಮಾಡಲಿಲ್ಲ. ಹಳೆಯ ಸೇತುವೆಯನ್ನು ಕೊಯ್ದು ತೆಗೆದು, ತಾತ್ಪೂರ್ತಿಕವಾದದ್ದನ್ನು ಕೂಡಿಸಿದಳು. ರಾತ್ರಿ ಹಾಕಿಕೊಳ್ಳಲು ಅಕ್ರಿಲಿಕ್ಕಿನ ಪಟ್ಟಿಯೊಂದನ್ನು ಕೊಟ್ಟಳು. ಕೆಲವು ವಾರಗಳಲ್ಲಿ ಸ್ನಾಯುಗಳು ಸಡಿಲಾದ ತರುವಾಯವೇ ಎರಡೂ ದವಡೆಗಳ ಅಚ್ಚು ತೆಗೆದು, ದವಡೆಯಂತೆಯೇ ಚಲಿಸುವ ಯಂತ್ರದ ಮೇಲೆ ಕೂಡಿಸಿ, ಹೊಸ ಸೇತುವೆ ಮಾಡಿಸಿದಳು. ಕೂಡಿಸುವ ದಿನ ಬಣ್ಣದ ತೆಳ್ಳನೆಯ ಕಾಗದವನ್ನು ಕಚ್ಚಿಸಿದಳು: ಬಾಯಿ ಮುಚ್ಚಿದಾಗ ನೀಲಿ, ಪಕ್ಕಕ್ಕೆ ಸರಿಸಿದಾಗ ಕೆಂಪು. ಗುರುತು ಬಿದ್ದಲ್ಲಿ ತುಸುವೇ ತೇದು, ಮತ್ತೆ ಕಚ್ಚಿಸಿ, ಮತ್ತೆ ತೇದಳು. ಮರಗಟ್ಟಿಸುವ ಸೂಜಿಯನ್ನು ಅಂದು ಚುಚ್ಚಲೇ ಇಲ್ಲ. ನಿಮ್ಮ ಬಾಯಿಯೇ ಹೇಳಬೇಕು ಅಂದಳು.

ಈಗ ಕಟಕಟ ಶಬ್ದ ಅಪರೂಪ. ತೇದ ಮೇಲಿನ ಹಲ್ಲು ಮಾತ್ರ ತಣ್ಣೀರು ತಾಕಿದರೆ ಝುಮ್ಮೆನ್ನುವದು. ಹೋದ ಸೋಮವಾರ ಏಳನೆಯ ತರಗತಿಗೆ ಇಡೀ ಪದ್ಯವನ್ನು ನಾವೇ ಓದಿದೆವು. ಎಡಗಡೆಯಿಂದ ಅಗಿಯುವ ರೂಢಿ ಇನ್ನೂ ಬಿಟ್ಟಿಲ್ಲ.